ಮೀನಿನ ತೊಟ್ಟಿಯಲ್ಲಿ ನೈಟ್ರೇಟ್ ಎಂದರೇನು, ಅದು ಏಕೆ ಏರುತ್ತದೆ?

ಮನೆಯಲ್ಲಿ ಗಪ್ಪಿಯೋ ಗೋಲ್ಡ್ ಫಿಶ್ಶೋ ಸಾಕುತ್ತಿರುವವರು ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ತಂದ ದಿನವೇ ಎದುರಾಗುವ ಪದ ನೈಟ್ರೇಟ್. ಸಾರಜನಕ ಮತ್ತು ಆಮ್ಲಜನಕ ಸೇರಿ ಆದ, ನೀರಿನಲ್ಲಿ ಕರಗಿರುವ ವಸ್ತು ಇದು. ನೀರು ತಿಳಿಯಾಗಿರುತ್ತದೆ, ಫಿಲ್ಟರ್ ಓಡುತ್ತಿರುತ್ತದೆ, ಮೀನುಗಳೂ ಓಡಾಡಿಕೊಂಡಿರುತ್ತವೆ. ಆದರೂ ಗಾಜಿನ ನಳಿಕೆ ಕಡುಗೆಂಪಾಗುತ್ತದೆ. ನೈಟ್ರೇಟಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಳೆದು ನೋಡದೆ ಅದು ಗೊತ್ತಾಗುವುದಿಲ್ಲ.

ಇದರ ಮೂಲ ನಾವು ಹಾಕುವ ಆಹಾರ. ಆಹಾರದ ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ. ಮೀನು ತನಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆಗಳಿಂದಲೂ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜು, ತಳದ ಜಲ್ಲಿಕಲ್ಲುಗಳ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೊಸ್ಪೈರಾದಂಥ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಎರಡೂ ಕೆಲಸವನ್ನು ಒಂದೇ ಜೀವಿ ಮಾಡಬಲ್ಲದು ಎಂಬುದು 2015ರಲ್ಲಷ್ಟೇ ಖಚಿತವಾಯಿತು. ಅಂಥ ಜೀವಿ ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ಫಿಲ್ಟರ್ ಕೂಡ ಒಂದು.

ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇದ್ದು ನೈಟ್ರೇಟ್ ಮಾತ್ರ ಕಾಣಿಸಿದರೆ ಫಿಲ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಅಮೋನಿಯಾ, ನೈಟ್ರೈಟ್ ಎರಡೂ ಮೀನನ್ನು ಬೇಗ ಕೊಲ್ಲುವ ವಿಷಗಳು, ನೈಟ್ರೇಟ್ ಅಷ್ಟು ತೀಕ್ಷ್ಣವಲ್ಲ. ತೊಂದರೆ ಏನೆಂದರೆ ಈ ಸರಪಳಿ ನೈಟ್ರೇಟಿಗೆ ಬಂದು ನಿಂತುಬಿಡುತ್ತದೆ. ಕೆರೆಯ ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಮನೆಯ ತೊಟ್ಟಿಯ ತೆಳು ಜಲ್ಲಿಯಲ್ಲಿ ಆ ಕೆಲಸ ನಡೆದರೂ ತೀರಾ ಕಡಿಮೆ.

ಎಷ್ಟು ಸೇರುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ಶೇ 40 ಪ್ರೋಟೀನ್ ಇರುವ ಒಂದು ಗ್ರಾಂ ಆಹಾರದಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕ ಇರುತ್ತದೆ. ಅದೆಲ್ಲ ನೈಟ್ರೇಟ್ ಆದರೆ ಸುಮಾರು 280 ಮಿಲಿಗ್ರಾಂ. 50 ಲೀಟರ್ ತೊಟ್ಟಿಯಲ್ಲಿ ಇದು ಐದೂವರೆ ಪಿಪಿಎಂಗೂ (ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಅಳತೆ) ಹೆಚ್ಚು. ಮೀನಿನ ಮೈಗೆ ಸೇರುವ ಪಾಲನ್ನು ಕಳೆದರೂ ಬಹುಪಾಲು ನೀರಿನಲ್ಲೇ ಉಳಿಯುತ್ತದೆ. ಮಕ್ಕಳು ಪ್ರೀತಿಯಿಂದ ಹಾಕುವ ಇನ್ನೊಂದು ಚಿಟಿಕೆಯೂ ಈ ಲೆಕ್ಕಕ್ಕೆ ಸೇರುತ್ತದೆ.

ಎಷ್ಟಿದ್ದರೆ ಹೆಚ್ಚು? ಹವ್ಯಾಸಿಗಳು ಸಾಮಾನ್ಯವಾಗಿ 20 ಪಿಪಿಎಂ ಒಳಗಿದ್ದರೆ ನಿಶ್ಚಿಂತೆ, 40 ದಾಟಿದರೆ ಇಳಿಸಬೇಕು ಎಂದುಕೊಳ್ಳುತ್ತಾರೆ. ಮೊಟ್ಟೆ, ಮರಿಮೀನು, ಸಿಗಡಿಗಳಿಗೆ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಕಿಟ್ಟಿನ ಮೇಲೆ ‘ನೈಟ್ರೇಟ್’ ಎಂದಿದೆಯೋ ‘ನೈಟ್ರೇಟ್-ನೈಟ್ರೋಜನ್’ ಎಂದಿದೆಯೋ ನೋಡಿಕೊಳ್ಳಿ. ಎರಡನೆಯದು ನೈಟ್ರೇಟಿನೊಳಗಿನ ಸಾರಜನಕದ ತೂಕವನ್ನಷ್ಟೇ ಹೇಳುತ್ತದೆ, ಆಗ ಬಂದ ಅಂಕಿಯನ್ನು 4.4ರಿಂದ ಗುಣಿಸಬೇಕು.

ಪರೀಕ್ಷೆಯಲ್ಲಿ ಬಹಳ ಜನ ಎಡವುವ ಜಾಗ ಹನಿ ಕಿಟ್ಟಿನ ಬಾಟಲಿ. ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ ಬದಲಿಸಿ, ಆಮೇಲೆ ಬಣ್ಣ ಬರಿಸುವುದು ಈ ಕಿಟ್‌ಗಳ ಕ್ರಮ. ಬದಲಿಸುವ ಪುಡಿ ಬಾಟಲಿಯ ತಳಕ್ಕೆ ಕೂರುತ್ತದೆ. ಕಿಟ್ಟಿನ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಜೋರಾಗಿ ಕುಲುಕದಿದ್ದರೆ ಬರೀ ತಿಳಿ ದ್ರವ ಬೀಳುತ್ತದೆ, ನಳಿಕೆ ಹಳದಿಯಾಗಿಯೇ ಉಳಿಯುತ್ತದೆ, ನಾವು ಸುಮ್ಮನೆ ಸಮಾಧಾನಪಟ್ಟುಕೊಳ್ಳುತ್ತೇವೆ. ಇನ್ನೊಂದು ಕಷ್ಟ, 40ರ ಕೆಂಪಿಗೂ 80ರ ಕೆಂಪಿಗೂ ವ್ಯತ್ಯಾಸ ಹೇಳುವುದು. ತೊಟ್ಟಿಯ ನೀರಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಎರಡರಷ್ಟು ಮಾಡಿದರೆ ಗೊಂದಲ ಇರುವುದಿಲ್ಲ.

ತೊಟ್ಟಿಯ ನೀರನ್ನು ಪರೀಕ್ಷಿಸಿದ ಕೂಡಲೇ ನಲ್ಲಿಯ ನೀರನ್ನೂ ಪರೀಕ್ಷಿಸಿ. ನಮ್ಮ ಕಡೆ ಇದನ್ನು ಒತ್ತಿ ಹೇಳಲೇಬೇಕು. ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೊಲದ ಗೊಬ್ಬರ, ಶೌಚಗುಂಡಿ, ಚರಂಡಿಗಳ ಸಾರ ಬೋರ್‌ವೆಲ್‌ಗಳಿಗೆ ಇಳಿದಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ನಾವು ಕುಡಿಯಲು ಯೋಗ್ಯ ಎನಿಸಿಕೊಂಡ ನೀರೇ 40 ಪಿಪಿಎಂ ಹೊತ್ತು ತರಬಹುದು. ಅಂಥ ನೀರನ್ನು ಎಷ್ಟು ಸಲ ಬದಲಿಸಿದರೂ ತೊಟ್ಟಿಯ ಅಂಕಿ ಅದಕ್ಕಿಂತ ಕೆಳಗಿಳಿಯದು.

ಈಗ ನೀರು ಬದಲಿಸುವ ವಿಷಯ. ವಾರಕ್ಕೆ 10 ಪಿಪಿಎಂ ಸೇರುವ ತೊಟ್ಟಿ ಇದೆ, ಹಾಕುವ ನೀರಿನಲ್ಲಿ ನೈಟ್ರೇಟ್ ಇಲ್ಲ ಎಂದಿಟ್ಟುಕೊಳ್ಳಿ. ಪ್ರತಿ ವಾರ ಕಾಲು ಭಾಗ ಬದಲಿಸಿದರೆ ಅಂಕಿ 30 ಮತ್ತು 40ರ ನಡುವೆ ಏರಿಳಿಯುತ್ತಾ ನಿಲ್ಲುತ್ತದೆ. ಅರ್ಧ ಬದಲಿಸಿದರೆ 10 ಮತ್ತು 20ರ ನಡುವೆ. ಬೋರ್‌ವೆಲ್ ನೀರಿನಲ್ಲೇ 30 ಇದ್ದರೆ ಈ ಎಲ್ಲಕ್ಕೂ 30 ಕೂಡಿಸಿಕೊಳ್ಳಿ. ಆವಿಯಾಗಿ ಇಳಿದಷ್ಟು ನೀರನ್ನು ಮೇಲಿಂದ ತುಂಬಿಸುವುದು ಬದಲಾವಣೆಯೇ ಅಲ್ಲ. ನೀರು ಆವಿಯಾದರೂ ನೈಟ್ರೇಟ್ ತೊಟ್ಟಿಯಲ್ಲೇ ಇರುತ್ತದೆ.

ಆದರೆ ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಗಾಬರಿಬಿದ್ದು ಒಂದೇ ದಿನ ಮುಕ್ಕಾಲು ಭಾಗ ತೆಗೆಯಬೇಡಿ. ಅಮೋನಿಯಾ ನೈಟ್ರೇಟ್ ಆಗುವಾಗ ನೀರಿನ ಕ್ಷಾರಗುಣವೂ ಖರ್ಚಾಗುತ್ತದೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಯುತ್ತಾ ಹೋಗುತ್ತದೆ. ಆಮ್ಲೀಯ ನೀರಿನಲ್ಲಿ ಬ್ಯಾಕ್ಟೀರಿಯಾ ಮಂದವಾಗಿ ಅಮೋನಿಯಾ ಉಳಿದುಕೊಂಡರೂ ಅದು ಹೆಚ್ಚಾಗಿ ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನು ತಡೆದುಕೊಳ್ಳುತ್ತದೆ. ಗಡಸು ಬೋರ್‌ವೆಲ್ ನೀರು ಒಮ್ಮೆಗೇ ಸುರಿದು ಪಿಎಚ್ ಏರಿದರೆ ಆ ಅಮೋನಿಯಂ ಮತ್ತೆ ಅಮೋನಿಯಾ ಆಗಿ ವಿಷವಾಗುತ್ತದೆ. ‘ನೀರು ಬದಲಿಸಿದೆ, ಮೀನು ಸತ್ತವು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ದಿನಕ್ಕೆ ಹತ್ತನೇ ಒಂದು ಪಾಲಿನಂತೆ ನಿಧಾನಕ್ಕೆ ಇಳಿಸಿ, ಹೊಸ ನೀರಿನಲ್ಲಿ ಕ್ಲೋರಿನ್ ಇದ್ದರೆ ಮೊದಲು ಕ್ಲೋರಿನ್ ತೆಗೆದು, ಆಮೇಲೆ ಆ ನೀರನ್ನು ತೊಟ್ಟಿಗೆ ಹಾಕಿ.

ಗಿಡಗಳು ನಿಜವಾಗಿಯೂ ನೆರವಾಗುತ್ತವೆ, ಬೆಳಕು ಸಾಕಷ್ಟಿದ್ದರೆ. ಹಾರ್ನ್‌ವರ್ಟ್ ಎಂಬ ನೀರುಗಿಡ, ತೇಲುವ ಅಂತರಗಂಗೆ ವೇಗವಾಗಿ ಬೆಳೆಯುತ್ತವೆ. ಮನಿ ಪ್ಲಾಂಟಿನ ಬೇರನ್ನಷ್ಟೇ ನೀರಿಗೆ ಇಳಿಬಿಟ್ಟರೂ ಸಾರಜನಕ ಹೀರುತ್ತದೆ. ಹೆಚ್ಚಾದ ಗಿಡವನ್ನು ಕಿತ್ತು ಹೊರಗೆ ಹಾಕಿದಾಗಲೇ ಸಾರಜನಕ ತೊಟ್ಟಿಯಿಂದ ಆಚೆ ಹೋಗುವುದು. ಹಾಗೆ ಕಿತ್ತ ಅಂತರಗಂಗೆಯನ್ನು ಕೆರೆಗೆ ಮಾತ್ರ ಎಸೆಯಬೇಡಿ, ಅದು ಅಲ್ಲಿ ಹಬ್ಬಿ ಹಾಳು ಮಾಡುತ್ತದೆ. ಸ್ಪಂಜಿನಲ್ಲಿ ಕೂತ ಗಲೀಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ, ಬ್ಯಾಕ್ಟೀರಿಯಾ ಉಳಿಯುತ್ತವೆ.

ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ. ಮಾಮೂಲಿ ಇದ್ದಿಲಿನ ಫಿಲ್ಟರಿಗೂ ಅದು ಸಿಗದು. ಬೋರ್‌ವೆಲ್ ನೀರೇ ಗತಿಯಾದವರಿಗೆ ಇರುವ ದಾರಿ, ಅದಕ್ಕೆ ನೈಟ್ರೇಟ್ ಕಡಿಮೆ ಇರುವ ನೀರನ್ನು ಬೆರೆಸುವುದು. ಆರ್‌ಒ ನೀರಿನಲ್ಲಿ ನೈಟ್ರೇಟಿನ ಬಹುಪಾಲು ಇರುವುದಿಲ್ಲ. ಮೊದಲ ಮಳೆಗಳು ಛಾವಣಿ ತೊಳೆದ ಮೇಲೆ ಹಿಡಿದ ನೀರೂ ಆಗುತ್ತದೆ. ಇವನ್ನೇ ಪೂರ್ತಿ ತುಂಬಿಸಿದರೆ ಪಿಎಚ್ ಹಿಡಿದಿಡುವ ಲವಣಗಳಿಲ್ಲದೆ ಎಡವಟ್ಟಾಗುತ್ತದೆ. ಬೋರ್‌ವೆಲ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ ಬಕೆಟ್ಟಿನಲ್ಲೇ ಒಮ್ಮೆ ಪರೀಕ್ಷಿಸಿ, ಆಮೇಲೆ ತೊಟ್ಟಿಗೆ ಹಾಕಿ.