ಪದ ಪರಿಚಯ: ಡಬ್ಬಿ ಕ್ಯಾಮೆರಾ

ಮಲೆನಾಡಿನ ಹಳೆ ಮನೆಗಳ ಅಟ್ಟದಲ್ಲಿ ಹಿತ್ತಾಳೆ ಪಾತ್ರೆ, ಹರಿದ ಪಂಚಾಂಗಗಳ ನಡುವೆ ಆಗೀಗ ಸಿಗುವ, ಕರಿ ರೆಕ್ಸಿನ್ ಅಂಟಿಸಿದ ಪೆಟ್ಟಿಗೆಯೇ ಬಾಕ್ಸ್ ಕ್ಯಾಮೆರಾ. ಆಡುಮಾತಲ್ಲಿ ಡಬ್ಬಿ ಕ್ಯಾಮೆರಾ. ಜಾತ್ರೆಯಲ್ಲಿ ಮುಕ್ಕಾಲಿ ಮೇಲೆ ನಿಲ್ಲಿಸಿ, ಪೆಟ್ಟಿಗೆಯೊಳಗೇ ಫೋಟೊ ತೊಳೆದು ಕೊಡುತ್ತಿದ್ದದ್ದು ಬೇರೆ, ಎರಡನ್ನೂ ಕಲಸಬಾರದು.

ಇದರಲ್ಲಿ ಹೊಂದಿಸಲು ಹೆಚ್ಚೇನೂ ಇಲ್ಲ. ಸಾಮಾನ್ಯವಾಗಿ ಒಂದೇ ಗಾಜಿನ ಮಸೂರ, ಎಫ್/11 ಅಥವಾ ಎಫ್/16ರ ಆಸುಪಾಸಿನ ಕಿಂಡಿ (ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು), ಸೆಕೆಂಡಿನ 1/25ರಿಂದ 1/50 ಭಾಗ ತೆರೆಯುವ ಶಟರ್. ಹತ್ತಡಿ ಆಚೆಗಿನದೆಲ್ಲ ಹೆಚ್ಚುಕಡಿಮೆ ಸ್ಪಷ್ಟ. ನಾಲ್ಕಡಿಯಲ್ಲಿ ಕೂತ ಮಗುವಿನ ಮುಖ ಮಸುಕು.

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರಿದ ಮೊದಲ ಕೊಡಾಕ್‌ಗೆ 25 ಡಾಲರ್. ನೂರು ಚಿತ್ರ ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕಿತ್ತು. ಅದೇ ಕಂಪನಿಯ 1900ರ ಬ್ರೌನಿ ಒಂದೇ ಡಾಲರಿಗೆ ಬಂತು, ಮಕ್ಕಳ ಕೈಗೂ ಹೋಯಿತು. ನಮ್ಮಲ್ಲೇ ತಯಾರಾಗಿ ಮನೆಮಾತಾದ ಆಗ್ಫಾ ಕ್ಲಿಕ್ ತ್ರೀ ಇದೇ ಕುಲದ್ದು, ಆಕಾರ ಮಾತ್ರ ತುಸು ನಾಜೂಕು.

ಬಿಸಿಲಿಗೆಂದೇ ಮಾಡಿದ ಕ್ಯಾಮೆರಾ ಎಂಬ ಮಾತು ಅರ್ಧ ಸತ್ಯ. ಎಫ್/11, 1/30 ಸೆಕೆಂಡಿನ ಪೆಟ್ಟಿಗೆಗೆ ಇಂದಿನ ಐಎಸ್‌ಒ 100 (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎಂಬ ಅಳತೆ) ಫಿಲ್ಮ್ ಹಾಕಿದರೆ, ತೀರ್ಥಹಳ್ಳಿಯಲ್ಲಿ ಆರಿದ್ರಾ ಮಳೆ ಹೊಳವಾದಾಗಿನ ದಟ್ಟ ಮೋಡದ ಬೆಳಕು ಸರಿಸುಮಾರು ಸಾಕಾಗುತ್ತದೆ. ನಡುಹಗಲ ಬಿಸಿಲಲ್ಲಿ ಬೆಳಕು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು, ಆದರೂ ಕಪ್ಪುಬಿಳುಪು ನೆಗೆಟಿವ್ ತಡೆದುಕೊಳ್ಳುತ್ತದೆ. ಕೈಕೊಡುವುದು ಅಡಿಕೆ ತೋಟದ ನೆರಳಲ್ಲಿ. ಅಲ್ಲಿಗೆ ಐಎಸ್‌ಒ 400 ಬೇಕು.

ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಪುಟ್ಟ ಗಾಜಿನಲ್ಲಿ ಬಗ್ಗಿ ನೋಡಬೇಕು. ಎಡ ಬಲ ಅದಲುಬದಲಾಗಿ ಕಾಣುತ್ತದೆ. ಉಸಿರು ಬಿಗಿಹಿಡಿದು ಪಕ್ಕದ ಸನ್ನೆಯನ್ನು (ಲಿವರ್) ನಿಧಾನ ಒತ್ತಿ. ಹಳೆ ಬ್ರೌನಿಗಳಲ್ಲಿ ಸನ್ನೆ ಕೆಳಗಿಳಿದರೂ ಚಿತ್ರ, ಮೇಲೇರಿದರೂ ಚಿತ್ರ. ಅಭ್ಯಾಸಬಲದಿಂದ ಮೊದಲಿನ ಜಾಗಕ್ಕೆ ತಳ್ಳಿದಿರೋ, ಅಜ್ಜನ ಮೇಲೆ ಅಜ್ಜನೇ ಕೂರುತ್ತಾನೆ. ಆದ್ದರಿಂದ ತೆಗೆದ ತಕ್ಷಣ ಫಿಲ್ಮ್ ಸುತ್ತಿ, ಹಿಂದಿನ ಕೆಂಪು ಕಿಟಕಿಯಲ್ಲಿ ಮುಂದಿನ ಅಂಕಿ ಬರುವವರೆಗೆ. ಆಗಿನ ಹಲವು ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಈಗಿನವಕ್ಕೆ ತಾಗುತ್ತದೆ. ಸುತ್ತುವಾಗ ಬಿಟ್ಟು ಉಳಿದಂತೆ ಕಿಟಕಿಗೆ ಕಪ್ಪು ಟೇಪ್ ಇರಲಿ.

ನಮ್ಮ ಕಡೆ ಇದರ ನಿಜವಾದ ಶತ್ರು ಥಂಡಿ. ರಟ್ಟಿನ ಮೈ ಉಬ್ಬಿ ಹಿಂಬಾಗಿಲು ಸರಿಯಾಗಿ ಕೂರುವುದಿಲ್ಲ, ಸಂದಿನಿಂದ ಬೆಳಕು ನುಗ್ಗಿ ಚಿತ್ರಕ್ಕೆ ಬಿಳಿ ಪಟ್ಟೆ ಬರುತ್ತದೆ. ಮಸೂರಕ್ಕೆ ಬೂಷ್ಟು, ಶಟರಿನ ಸ್ಪ್ರಿಂಗಿಗೆ ತುಕ್ಕು. ಅಕ್ಕಿ ಡಬ್ಬದಲ್ಲಿಟ್ಟರೆ ಹುಡಿ ಒಳಸೇರುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಮಸಿ. ಬಿಗಿ ಮುಚ್ಚಳದ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ ಸಾಕು. ಮೇಲಿನ ಪುಟ್ಟ ಗಾಜಿನಡಿಯ ಕನ್ನಡಿಯನ್ನು ಬಟ್ಟೆಯಿಂದ ಉಜ್ಜಲೇಬೇಡಿ, ರಸ ಎದ್ದುಬರುತ್ತದೆ. ಮೆತ್ತನೆ ಕುಂಚ ಆಡಿಸಿ.

ಕೊಳ್ಳುವವರು ಹಿಂಬಾಗಿಲು ತೆಗೆದು, ಮುಂದಿನಿಂದ ಟಾರ್ಚ್ ಬಿಟ್ಟು ಶಟರ್ ಒತ್ತಲಿ: ದುಂಡನೆ ಬೆಳಕು ಮಿಂಚಿ ಮರೆಯಾಗಬೇಕು. ಒಳಗೆ ಎಷ್ಟರ ಫಿಲ್ಮ್ ಎಂದು ಬರೆದಿರುತ್ತದೆ. 120 ಇಂದಿಗೂ ಸಿಗುತ್ತದೆ. 620 ಎಂದಿದ್ದರೆ (ಫಿಲ್ಮ್ ಅದೇ ಅಗಲದ್ದು, ಸುರುಳಿ ಮಾತ್ರ ಸಪೂರ) ಖಾಲಿ ಸುರುಳಿ ಒಳಗಿದೆಯೇ ನೋಡಿ. 120ರ ಫಿಲ್ಮನ್ನು ಕತ್ತಲಲ್ಲಿ ಅದಕ್ಕೆ ಸುತ್ತಿಕೊಳ್ಳಬೇಕಾಗುತ್ತದೆ.