ಹಳೆಯ ಪುಟ್ಟ ಟ್ಯೂಬಾ ಕೊಳ್ಳುವ ಮೊದಲು ಶ್ರುತಿ ನೋಡಿ

ಟ್ಯೂಬಾ ಅಂದರೆ ಊದಿ ನುಡಿಸುವ ದೊಡ್ಡ ಹಿತ್ತಾಳೆ ವಾದ್ಯ, ಇ ಫ್ಲ್ಯಾಟ್ ಅದರಲ್ಲಿ ಪುಟ್ಟ ಬಗೆ. ಹಳೆಯ ಇ ಫ್ಲ್ಯಾಟ್ ಟ್ಯೂಬಾ ಕಂಡರೆ ಹೆಚ್ಚಿನವರು ಮೊದಲು ಬೆಲ್ (ಗಂಟೆಯಾಕಾರದ ಅಗಲ ತುದಿ) ತಿರುಗಿಸಿ ಎಷ್ಟು ನಗ್ಗಿದೆ ಅಂತ ನೋಡುತ್ತಾರೆ. ನಾನು ಬೆಲ್ ನೋಡುವುದು ಕೊನೆಗೆ. ಅಗಲವಾದ ಜಾಗದ ನಗ್ಗು ಸ್ವರವನ್ನು ಅಷ್ಟಾಗಿ ಕೆಡಿಸುವುದಿಲ್ಲ. ತುಟಿಯಿಟ್ಟು ಊದುವ ಮೌತ್‌ಪೀಸ್ ಪಕ್ಕದ ಸಣ್ಣ ಕೊಳವೆ ನಗ್ಗಿದ್ದರೆ ಮಾತ್ರ ಯೋಚಿಸಬೇಕು. ಅಲ್ಲಿ ಹಿತ್ತಾಳೆಯ ಮೇಲೆ ಕೆಂಪು ಚುಕ್ಕೆಗಳಿವೆಯಾ ಅಂತಲೂ ನೋಡಿ. ಒಳಗಿನಿಂದ ಸತು ಕರಗಿ ಹೋಗಿ ಲೋಹ ಟೊಳ್ಳಾಗುತ್ತಿರುವ ಗುರುತು ಅದು.

ಆಮೇಲೆ ವಾಲ್ವ್, ಅಂದರೆ ಬೆರಳಿನಿಂದ ಒತ್ತಿ ಸ್ವರ ಬದಲಿಸುವ ಕವಾಟ. ಪ್ರತಿ ವಾಲ್ವ್‌ಗೂ ಎಳೆದು ಉದ್ದ ಮಾಡಬಹುದಾದ ಕೊಳವೆ ಇರುತ್ತದೆ, ಅದೇ ಸ್ಲೈಡ್. ಅದನ್ನು ಒತ್ತದೆ ಅದರ ಸ್ಲೈಡನ್ನು ಸ್ವಲ್ಪ ಹೊರಗೆಳೆಯಿರಿ, ಈಗ ಒತ್ತಿ. ಟಪ್ ಅಂತ ಸದ್ದು ಬಂದರೆ ಗಾಳಿ ಸೋರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ವಾಲ್ವ್ ಸವೆದಿರಬಹುದು. ಅದನ್ನು ಸರಿಮಾಡಿಸುವ ಖರ್ಚು ಎಷ್ಟೋ ಸಲ ವಾದ್ಯದ ಬೆಲೆಯನ್ನೂ ದಾಟುತ್ತದೆ.

ಇಷ್ಟು ಸರಿಯಿದ್ದರೂ ದುಡ್ಡು ಕೊಡಬೇಡಿ. ಶ್ರುತಿ ನೋಡಬೇಕು. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು (ಹಿತ್ತಾಳೆ ವಾದ್ಯಗಳ ತಂಡಗಳು) 1960ರ ದಶಕದವರೆಗೂ ಏರು ಶ್ರುತಿಯಲ್ಲೇ ನುಡಿಸುತ್ತಿದ್ದವು. ಎ ಸ್ವರಕ್ಕೆ ಸುಮಾರು 452 ಹರ್ಟ್ಸ್. ಈಗಿನದು 440. ಅಂದರೆ ಹೆಚ್ಚುಕಡಿಮೆ ಕಾಲು ಸ್ವರದ ವ್ಯತ್ಯಾಸ. ವಾದ್ಯವನ್ನು ಐದು ನಿಮಿಷ ಊದಿ ಬೆಚ್ಚಗೆ ಮಾಡಿ, ಇಡೀ ವಾದ್ಯದ ಶ್ರುತಿ ಹೊಂದಿಸುವ ಮುಖ್ಯ ಸ್ಲೈಡನ್ನು ಪೂರ್ತಿ ಎಳೆದು, ಶ್ರುತಿ ಅಳೆಯುವ ಟ್ಯೂನರ್ ಮುಂದೆ ಊದಿ. ಆಗಲೂ ಏರೇ ಇದ್ದರೆ ಅದು ಹಳೆಯ ಶ್ರುತಿಯ ವಾದ್ಯ. ತಣ್ಣಗಿರುವಾಗ ನೋಡಬೇಡಿ, ಶ್ರುತಿ ಇಳಿದು ಮೋಸ ಮಾಡುತ್ತದೆ.

ಹಾಗಂತ ಅದನ್ನು ಬಿಟ್ಟುಬಿಡಬೇಕಾಗಿಲ್ಲ. ಇಂಥವನ್ನು ಸರಿಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಲೆಕ್ಕ ಸುಲಭ. ಇ ಫ್ಲ್ಯಾಟ್ ಟ್ಯೂಬಾದ ಕೊಳವೆ ಸುಮಾರು 4 ಮೀಟರ್. 452ರಿಂದ 440ಕ್ಕೆ ಇಳಿಸಲು ಅದು ಶೇಕಡಾ 2.7ರಷ್ಟು ಉದ್ದವಾಗಬೇಕು, ಅಂದರೆ 11 ಸೆಂಟಿಮೀಟರ್. ಸ್ಲೈಡಿಗೆ ಎರಡು ಕಾಲು ಇರುವುದರಿಂದ ಒಂದೊಂದು ಕಾಲಿಗೆ ಐದೂವರೆ ಸಾಕು.

ಜಾಸ್ತಿ ಜನ ತಪ್ಪುವುದು ಇಲ್ಲೇ. ಮುಖ್ಯ ಸ್ಲೈಡ್ ಉದ್ದ ಮಾಡಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ವಾಲ್ವ್ ಕೊಳವೆಗಳೂ ಅದೇ ಪ್ರಮಾಣದಲ್ಲಿ ಬೆಳೆಯಬೇಕು, ಅಲ್ವಾ? ಇಲ್ಲದಿದ್ದರೆ ವಾಲ್ವ್ ಒತ್ತಿದ ಸ್ವರಗಳೆಲ್ಲ ಏರಿ ನಿಲ್ಲುತ್ತವೆ. ಮೂರು ವಾಲ್ವ್ ಒಟ್ಟಿಗೆ ಒತ್ತಿದಾಗ ಬರುವ ಸ್ವರ ಮೊದಲೇ ಏರು, ಅದಂತೂ ಕೇಳಲಾಗದು. ಒಳ್ಳೆಯ ಸುದ್ದಿ ಅಂದರೆ ಇಲ್ಲಿ ಬೆಸುಗೆ ಬೇಡ. ಮೊದಲನೇ ವಾಲ್ವ್‌ನ ಸ್ಲೈಡನ್ನು ಸುಮಾರು 6 ಮಿಲಿಮೀಟರ್, ಎರಡನೆಯದನ್ನು 3, ಮೂರನೆಯದನ್ನು 1 ಸೆಂಟಿಮೀಟರ್ ಎಳೆದರೆ ಸಾಕು.

ಸ್ಲೈಡ್ ಹಿಡಿದುಕೊಂಡಿದ್ದರೆ ದಯವಿಟ್ಟು ಇಕ್ಕಳ ಹಾಕಿ ಜಗ್ಗಬೇಡಿ. ಕೀಲಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ನೆ ಇಡಿ. ಬೇಕಾದರೆ ಇನ್ನೊಂದು ರಾತ್ರಿ. ಹೀಗೆ ವಾರ ಕಾದು ಬಿಡಿಸಿದ ಸ್ಲೈಡ್‌ಗಳಿವೆ.

ಮೌತ್‌ಪೀಸ್ ವಿಷಯ ಚಿಕ್ಕದು. ಹಳೆಯ ವಾದ್ಯಗಳಿಗೆ ಈಗಿನ ಮೌತ್‌ಪೀಸಿನ ಬಾಲ (ವಾದ್ಯದೊಳಗೆ ಸೇರುವ ತುದಿ) ಅನೇಕ ಸಲ ದಪ್ಪವಾಗುತ್ತದೆ. ತೆಳು ಬಾಲದ್ದನ್ನು ಹುಡುಕಿ, ಅದು ಸೇರುವ ವಾದ್ಯದ ಬಾಯಿ ಕೊರೆಸಬೇಡಿ.

ಮುಖ್ಯ ಸ್ಲೈಡಿಗೂ ನನ್ನದು ಅದೇ ಮಾತು. ಹಳೆಯದನ್ನು ಕತ್ತರಿಸಿ ತುಂಡು ಸೇರಿಸುವ ಬದಲು, ಅದೇ ಅಳತೆಯ ಕೊಳವೆಯಲ್ಲಿ ಉದ್ದದ ಹೊಸ ಸ್ಲೈಡ್ ಮಾಡಿಸಿ. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ, ವಾದ್ಯದ ಪೆಟ್ಟಿಗೆಯಲ್ಲೇ ಇಡಿ.