ಜಿಯೋಕ್ಯಾಶಿಂಗ್ ಪ್ರವಾಸಕ್ಕೆ ನಕ್ಷೆ ಹಾಕುವ ಬಗೆ

ಜಿಪಿಎಸ್ ಉಪಗ್ರಹಗಳ ನಾಗರಿಕ ಸಂಕೇತದಲ್ಲಿ ಬೇಕೆಂದೇ ಬೆರೆಸಲಾಗುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಸಾಮಾನ್ಯರ ಜಿಪಿಎಸ್ ಸಾಧನಗಳು ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರಿನೊಳಗೆ ಜಾಗ ತೋರಿಸತೊಡಗಿದವು. ಮೇ 3ರಂದು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ಟಿನಲ್ಲಿ ಕೆಲವು ಸಾಮಾನುಗಳನ್ನೂ ಲಾಗ್‌ಬುಕ್ಕನ್ನೂ ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದ ಚರ್ಚಾಗುಂಪೊಂದರಲ್ಲಿ ಪ್ರಕಟಿಸಿದರು. ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಜಿಯೋಕ್ಯಾಶಿಂಗ್ ಎಂಬ ಹವ್ಯಾಸ ಆರಂಭವಾದದ್ದು ಹೀಗೆ. ಇಂದು ಜಗತ್ತಿನಾದ್ಯಂತ ಇಂತಹ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳು, ಅಂದರೆ ಕ್ಯಾಶ್‌ಗಳು, ಅಡಗಿ ಕುಳಿತಿವೆ.

ನಿರ್ದೇಶಾಂಕವು, ಅಂದರೆ ಅಕ್ಷಾಂಶ ರೇಖಾಂಶಗಳ ಜೋಡಿಯು, ವಸ್ತು ಎಲ್ಲಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅಲ್ಲಿಗೆ ಹೋಗುವುದು ಹೇಗೆ, ಎಷ್ಟು ಹೊತ್ತು ಬೇಕು ಎಂಬುದನ್ನು ಹೇಳುವುದಿಲ್ಲ. ಹಾಗಾಗಿ ಈ ಹವ್ಯಾಸದ ನಿಜವಾದ ಬುದ್ಧಿ ಖರ್ಚಾಗುವುದು ಮನೆಯಲ್ಲಿ, ಹೊರಡುವ ಮುನ್ನ, ನಕ್ಷೆಯ ಮುಂದೆ ಎಂಬುದು ನನ್ನ ನಂಬಿಕೆ. ಇದನ್ನು ತಿಳಿಯಲು ಈ ಹವ್ಯಾಸಿಗಳಲ್ಲಿ ಪ್ರಸಿದ್ಧವಾಗಿರುವ ಮೂರು ತಾಣಗಳ ಯಾತ್ರೆಯನ್ನೇ ನೋಡಬಹುದು. ಮೊದಲನೆಯದು ಸಿಯಾಟಲ್ ನಗರದಲ್ಲಿರುವ ಜಿಯೋಕ್ಯಾಶಿಂಗ್ ಪ್ರಧಾನ ಕಚೇರಿ. ಎರಡನೆಯದು ಸಿಯಾಟಲ್‌ನ ಪೂರ್ವಕ್ಕಿರುವ ಸ್ನೋಕ್ವಾಲ್ಮಿ ಕಣಿವೆದಾರಿಯ ಹಳೆಯ ರೈಲು ಸುರಂಗದ ಬಳಿ 2001ರಲ್ಲಿ ಚಲನಚಿತ್ರವೊಂದರ ಪ್ರಚಾರಕ್ಕಾಗಿ ಇಟ್ಟ ಕ್ಯಾಶ್. ಮೂರನೆಯದು ಬೀವರ್‌ಕ್ರೀಕ್‌ನಲ್ಲಿ ಉಲ್ಮರ್ ಬಕೆಟ್ ಇಟ್ಟಿದ್ದ ಜಾಗದ ಸ್ಮಾರಕ ಫಲಕ.

ಬೀವರ್‌ಕ್ರೀಕ್ ತಾಣದ ನಿರ್ದೇಶಾಂಕ ಉತ್ತರ 45° 17.460', ಪಶ್ಚಿಮ 122° 24.800'. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿಯ ಜೊತೆಗೆ ದಶಮಾಂಶ ನಿಮಿಷಗಳನ್ನು ಬರೆಯುವುದು ರೂಢಿ, ಆದರೆ ಅನೇಕ ನಕ್ಷೆ ತಂತ್ರಾಂಶಗಳು ಬರೀ ದಶಮಾಂಶ ಡಿಗ್ರಿಯನ್ನು ಬಳಸುತ್ತವೆ. ನಿಮಿಷಗಳನ್ನು 60ರಿಂದ ಭಾಗಿಸಿದರೆ ಇದೇ ಜಾಗ 45.29100, -122.41333 ಆಗುತ್ತದೆ. ಭಾಗಿಸದೆ 45.17460, -122.24800 ಎಂದು ತುಂಬಿಬಿಟ್ಟರೆ ತಂತ್ರಾಂಶ ಯಾವ ತಕರಾರೂ ಇಲ್ಲದೆ ದಕ್ಷಿಣಕ್ಕೆ 13 ಕಿ.ಮೀ., ಪೂರ್ವಕ್ಕೆ 13 ಕಿ.ಮೀ. ಸರಿದ ಬೇರೆಯೇ ಜಾಗವನ್ನು ತೋರಿಸುತ್ತದೆ. ಕೊನೆಯ ಅಂಕಿಯ ಬೆಲೆಯನ್ನೂ ಅರಿತಿರಬೇಕು: ನಿಮಿಷದ ಸಾವಿರದ ಒಂದು ಭಾಗವೆಂದರೆ ಉತ್ತರ ದಕ್ಷಿಣವಾಗಿ 1.85 ಮೀಟರ್, ಮತ್ತು ಆ ಅಕ್ಷಾಂಶದಲ್ಲಿ ಪೂರ್ವ ಪಶ್ಚಿಮವಾಗಿ ಸುಮಾರು 1.3 ಮೀಟರ್.

ಇನ್ನೊಂದು ಎಡವಟ್ಟು ಡೇಟಮ್‌ನದು. ಭೂಮಿಯ ಆಕಾರವನ್ನು ಯಾವ ಗಣಿತ ಮಾದರಿಯಿಂದ ಅಳೆದಿದ್ದೇವೆ ಮತ್ತು ಅದನ್ನು ಭೂಮಿಗೆ ಹೇಗೆ ಹೊಂದಿಸಿದ್ದೇವೆ ಎಂಬ ಒಪ್ಪಂದಕ್ಕೆ ಡೇಟಮ್ ಎನ್ನುತ್ತಾರೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಡೇಟಮ್ಮನ್ನು. ಆದರೆ ಅಮೆರಿಕದ ಹಳೆಯ ಭೂಮೇಲ್ಮೈ ನಕ್ಷೆಗಳು 1927ರ ಡೇಟಮ್ಮಿನವು, ಮತ್ತು ಪಶ್ಚಿಮ ರಾಜ್ಯಗಳಲ್ಲಿ ಎರಡರ ನಡುವಿನ ವ್ಯತ್ಯಾಸ ನೂರು ಮೀಟರಿನ ಆಸುಪಾಸು ಇರುತ್ತದೆ. ಭೂಮಿಯ ಆಕಾರದ ಹಳೆಯ ಮಾದರಿಯಾದ ಎವರೆಸ್ಟ್ ಗೋಳಾಭವನ್ನು ಆಧರಿಸಿದ ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಹಾಳೆಗಳನ್ನು ಸ್ಕ್ಯಾನ್ ಮಾಡಿ ಫೋನಿನಲ್ಲಿ ಬಳಸುವ ನಮ್ಮ ಚಾರಣಿಗರಿಗೂ ಈ ಎಚ್ಚರ ಬೇಕು.

ಸಿಯಾಟಲ್‌ನಿಂದ ಬೀವರ್‌ಕ್ರೀಕ್‌ವರೆಗಿನ ಹೆದ್ದಾರಿಯ ಇಕ್ಕೆಲಗಳಲ್ಲಿ ಕ್ಯಾಶ್‌ಗಳು ಸಾವಿರಾರು. ಎರಡು ಕ್ಯಾಶ್‌ಗಳ ನಡುವೆ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೆಯ ಒಂದು ಭಾಗ ಅಂತರವಿರಬೇಕೆಂಬುದು ನಿಯಮವಾದರೂ ಪಟ್ಟಣಗಳಲ್ಲಿ ಅವು ಕಿಕ್ಕಿರಿದಿವೆ. ಇಲ್ಲಿ ತಂತ್ರಾಂಶದ ಉಪಕಾರ ದೊಡ್ಡದು: ದಾರಿಯ ಗೆರೆಗೆ ಎರಡೂ ಬದಿಯಲ್ಲಿ ಒಂದೆರಡು ಕಿಲೋಮೀಟರ್ ಅಗಲದ ಪಟ್ಟಿ ಎಳೆದು ಅದರೊಳಗಿನವನ್ನು ಮಾತ್ರ ಉಳಿಸಿಕೊಳ್ಳಬಹುದು, ಹುಡುಕುವುದು ಎಷ್ಟು ಕಷ್ಟ, ಅಲ್ಲಿಗೆ ತಲುಪುವುದು ಎಷ್ಟು ಕಷ್ಟ ಎಂಬುದನ್ನು ಹೇಳುವ 1ರಿಂದ 5ರವರೆಗಿನ ಕಾಠಿಣ್ಯ ಮತ್ತು ನೆಲದ ಶ್ರೇಣಿಗಳಿಂದ ಸೋಸಬಹುದು, ಇತ್ತೀಚೆಗೆ ಹುಡುಕಿದವರೆಲ್ಲ ಬರಿಗೈಯಲ್ಲಿ ಮರಳಿದ್ದರೆ ಅಂಥದ್ದನ್ನು ಕೈಬಿಡಬಹುದು. ಉಳಿದವನ್ನು ಯಾವ ಕ್ರಮದಲ್ಲಿ ಸುತ್ತಬೇಕೆಂಬುದು ಮಾತ್ರ ಗಣಿತಜ್ಞರನ್ನೂ ಕಾಡಿರುವ ಪ್ರಶ್ನೆ. ಹತ್ತು ತಾಣಗಳನ್ನು 36,28,800 ಕ್ರಮಗಳಲ್ಲಿ ಸುತ್ತಬಹುದು. ಹದಿನೈದಾದರೆ ಆ ಸಂಖ್ಯೆ 1.3 ಲಕ್ಷ ಕೋಟಿಯನ್ನು ದಾಟುತ್ತದೆ. ಆದ್ದರಿಂದ ಸಾಮಾನ್ಯವಾಗಿ ತಂತ್ರಾಂಶಗಳು ಎಲ್ಲವನ್ನೂ ಪರೀಕ್ಷಿಸದೆ, ಸುಮಾರಾದ ಒಂದು ಕ್ರಮವನ್ನು ಹಿಡಿದು, ಒಂದನ್ನೊಂದು ಕತ್ತರಿಸುವ ದಾರಿಗಳನ್ನು ಬಿಡಿಸುತ್ತಾ ಅದನ್ನೇ ತಿದ್ದುತ್ತವೆ. ಸಿಯಾಟಲ್‌ನ ಪ್ರಧಾನ ಕಚೇರಿಯು ಸಂದರ್ಶಕರಿಗೆ ಗೊತ್ತುಪಡಿಸಿದ ವೇಳೆಯಲ್ಲಷ್ಟೇ ತೆರೆದಿರುತ್ತದೆ ಎಂಬಂತಹ ಷರತ್ತನ್ನು ನಾವೇ ಸೇರಿಸಬೇಕು.

ಸುರಂಗದ ಬಳಿಯ ಕ್ಯಾಶ್‌ಗೆ ಯೋಜನೆ ಹಾಕುವಾಗ ನಕ್ಷೆ ಓದುವ ಕಲೆ ಪೂರ್ತಿಯಾಗಿ ಕೆಲಸಕ್ಕೆ ಬರುತ್ತದೆ. ಅದು ಸುರಂಗದ ಪಶ್ಚಿಮ ತುದಿಯ ಕಡೆಗಿದೆ. ಪೂರ್ವ ತುದಿಯ ಬಳಿಯ ಹಯಾಕ್ ಎಂಬಲ್ಲಿ ಕಾರು ನಿಲ್ಲಿಸಿದರೆ ಸುಮಾರು 3.6 ಕಿ.ಮೀ. ಉದ್ದದ ಕತ್ತಲೆಯ ಸುರಂಗವನ್ನು ನಡೆದೇ ದಾಟಬೇಕು. ಪಶ್ಚಿಮದ ಚಾರಣದ ದಾರಿಯಿಂದ ಹೊರಟರೆ ದೂರ ಕಡಿಮೆ, ಆದರೆ ಕಾಡಿನೊಳಗೆ ಏರಬೇಕು. ಯಾವುದು ಲೇಸು ಎಂದು ಸರಳರೇಖೆಯ ದೂರ ತಿಳಿಸುವುದಿಲ್ಲ, ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ತಿಳಿಸುತ್ತವೆ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ವಿರಳವಾಗಿದ್ದರೆ ಸಮತಟ್ಟು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ರೈಲಿಗಾಗಿ ಕೊರೆದ ಸುರಂಗದಲ್ಲಿ ಏರು ಹೆಚ್ಚಿಲ್ಲವಾದ್ದರಿಂದ ಒಂದು ಕಡೆಗೆ ಮುಕ್ಕಾಲು ಗಂಟೆ ಸಾಕು. ಬೇಸಿಗೆಯಲ್ಲೂ ಒಳಗೆ ಚಳಿಯಿರುವುದರಿಂದ ಬೆಚ್ಚನೆಯ ಉಡುಪು, ಟಾರ್ಚ್ ಎರಡೂ ಬೇಕು. ಚಳಿಗಾಲದಲ್ಲಿ ಸುರಂಗದ ಬಾಗಿಲುಗಳನ್ನು ಮುಚ್ಚುತ್ತಾರೆ. ಹೀಗಾಗಿ ಈ ಯಾತ್ರೆಯಲ್ಲಿ ದಾರಿಗಿಂತ ಮೊದಲು ತಿಂಗಳನ್ನು ನಿಶ್ಚಯಿಸಬೇಕಾಗುತ್ತದೆ.

ಬೆಟ್ಟದಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ ತಾಣಗಳ ನಿರ್ದೇಶಾಂಕಗಳಿರುವ ಜಿಪಿಎಕ್ಸ್ ಕಡತವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ಆಧರಿಸಿದ ನಕ್ಷೆಯನ್ನೂ ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು. ಚಿತ್ರಗಳ ರೂಪದ ನಕ್ಷೆಯಲ್ಲಿ ಒಂದೊಂದು ಹಂತ ಹಿಗ್ಗಿಸಿದಾಗಲೂ ಚಿತ್ರಗಳ ಸಂಖ್ಯೆ ನಾಲ್ಕು ಪಟ್ಟಾಗುವುದರಿಂದ, ಇಡೀ ರಾಜ್ಯವನ್ನು ಸೂಕ್ಷ್ಮ ಹಂತದಲ್ಲಿ ಇಳಿಸುವ ಬದಲು ನಡೆಯುವ ಭಾಗವನ್ನಷ್ಟೇ ಆರಿಸಿಕೊಳ್ಳುವುದು ಜಾಣತನ. ಸುರಂಗದೊಳಗೆ ಉಪಗ್ರಹ ಸಂಕೇತ ಸಿಗುವುದಿಲ್ಲ. ಹೊರಬಂದ ಮೇಲೆ ಸ್ವಲ್ಪ ಹೊತ್ತು ನಿಂತು ಸಾಧನಕ್ಕೆ ತನ್ನ ಜಾಗ ಕಂಡುಕೊಳ್ಳಲು ಬಿಡಬೇಕು. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ನಿಖರವಾಗಿರುತ್ತದೆ, ಆದರೆ ಎತ್ತರದ ಡಗ್ಲಸ್ ಫರ್ ಮರಗಳೂ ಕಣಿವೆಯ ಗೋಡೆಗಳೂ ಸಂಕೇತವನ್ನು ತಡೆದು ಪ್ರತಿಫಲಿಸುವಲ್ಲಿ ತಪ್ಪು ಹೆಚ್ಚುತ್ತದೆ. ಅಡಗಿಸಿಟ್ಟವರ ಸಾಧನಕ್ಕೂ ಅಷ್ಟೇ ತಪ್ಪು ಇದ್ದಿರಬಹುದು. ಆದ್ದರಿಂದ ಫೋನಿನ ಪರದೆ ಸೊನ್ನೆ ಮೀಟರ್ ಎಂದು ತೋರಿಸಿದ ಕೂಡಲೇ ಕಾಲಬುಡವನ್ನಷ್ಟೇ ನೋಡದೆ, ಸುತ್ತಲಿನ ಹತ್ತು ಮೀಟರಿನೊಳಗೆ ಬಂಡೆಯ ಸಂದು, ಮರದ ಬೊಡ್ಡೆ, ಬಿದ್ದ ದಿಮ್ಮಿಗಳ ಅಡಿ ಹುಡುಕಲು ತೊಡಗುವುದು ಸರಿಯಾದ ಕ್ರಮ.